ಗುಲಾಬಿ ಕಾಳು

ಜಾವಗಲ್ಲಿನ ಹೊಲದಿಂದ ವಾಚರ್ ಸಣ್ಣೇಗೌಡ ತಂದ ನವಿಲು
ಯೂರಿಯಾ ಚೀಲದಲ್ಲಿತ್ತು,
ಹಿಡಿಸದ ಬಾಲ ಹೊರಗೆ.

ಫರೀದಾ ಡಾಕ್ಟರು ಕತ್ತರಿ ಕೇಳಿದರು, ಕೊಟ್ಟೆ.
ಗಂಟಲ ಕೆಳಗಿನ ಚೀಲ ಬಿಚ್ಚಿದರೆ
ಟ್ರೇಗೆ ಟಪಟಪ ಮೆಕ್ಕೆಜೋಳ,
ಬಳೆಯಂಗಡಿಯ ಗುಲಾಬಿ ಬಣ್ಣ;
ಮನುಷ್ಯರು ಅಪ್ಪಿತಪ್ಪಿಯೂ ಬಾಯಿಗೆ ಹಾಕದಿರಲೆಂದು
ಬೀಜದ ಕಂಪನಿ ಬಳಿದದ್ದು.

ನಲವತ್ತೊಂದು, ಎಣಿಸಿದೆ.
ಒಂದು ಮಾತ್ರ ಒಳಗೇ ಉಬ್ಬಿ
ಮೊಳಕೆಯ ಮೂತಿ ಚಾಚಿತ್ತು.

ನಮ್ಮ ಫಾರಂ ದನಕರುಗಳದ್ದು:
'ವಾರಸುದಾರರ ಹೆಸರು?'
ಡಾಕ್ಟರ ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತು
ಮುಂದಿನ ಸಾಲಿಗೆ ಹೋಯಿತು.

ಸೀಮೆಎಣ್ಣೆ ಸುರಿದು ಸುಟ್ಟೆವು, ಗರಿ ಸಮೇತ.

ಮಗಳು ಬಾಗಿಲಲ್ಲೇ ಕೈಯೊಡ್ಡಿದಳು:
ಪುಸ್ತಕದಲ್ಲಿಟ್ಟರೆ ಮರಿ ಹಾಕುತ್ತಂತೆ, ಎಲ್ಲಪ್ಪಾ ಗರಿ?
ಉಗುರಿನ ಸಂದಿಯ ಗುಲಾಬಿ ಇನ್ನೂ ಹೋಗಿರಲಿಲ್ಲ;
ಕೈ ಹಿಂದಕ್ಕೆ ಕಟ್ಟಿ ನಿಂತೆ.