ಉಳಿಸು, ಅಳಿಸು

ಚಾಮರಾಜಪೇಟೆ, ಐದನೇ ಮೇನ್.
ಇಲಿಯಾಸನ ಬೈಂಡಿಂಗ್ ಅಂಗಡಿಯ ಅಟ್ಟ.
ಕೆಳಗೆ ಮೈದಾ ಅಂಟು ಕುದಿಯುವ ವಾಸನೆ,
ಮೇಲೆ ನಾವು ಐವರು, ನಾಲ್ಕು ಕುರ್ಚಿ,
ಒಂದು ರದ್ದಿ ಕಟ್ಟು.
ಭಾನುವಾರ ಹನ್ನೊಂದಕ್ಕೆ ಮೆಟ್ಟಿಲು ಹತ್ತುವವರ ಜೇಬಲ್ಲಿ
ಒಂದೊಂದು ಪೆನ್‌ಡ್ರೈವ್,
ಡಾಕ್ಟರ ಬಳಿ ಎಕ್ಸ್‌ರೇ ತಂದವರ ಹಾಗೆ.

ಇದರಿಂದ ಅನ್ನ ಹುಟ್ಟಿಸಿಕೊಂಡವರು ಇಲ್ಲಿಲ್ಲ.
ಮುನಿಕೃಷ್ಣ ಜಲಮಂಡಳಿಯ ವಾಲ್ವ್ ತಿರುಗಿಸುತ್ತಾನೆ.
ಅವನ ಪ್ರೋಗ್ರಾಮು ಪರದೆಯ ಮೂಲೆಯಲ್ಲಿ ಒಂದು ನೀಲಿ ಹನಿ,
ಯಾವ ಬೀದಿಗೆ ಎಷ್ಟು ಗಂಟೆಗೆ ಎಂದು ನೆನಪಿಸಿ
ಮತ್ತೆ ಹನಿಯಾಗಿ ಕೂರುತ್ತದೆ.
ಡೆಸ್ಮಂಡ್ ಅಂಕಲ್ ಕುಕ್ ಟೌನಿಂದ ಎರಡು ಬಸ್ಸು ಬದಲಿಸಿ ಬರುವುದು
ಒಂದು ಅಳತೆಪಟ್ಟಿ ತೋರಿಸಲು:
ಪರದೆಯ ಮೇಲೆ ಎಲ್ಲಿ ಬೇಕಾದರೂ ಎಳೆದಿಡಬಹುದು,
ಇಂಚು, ಸೆಂಟಿಮೀಟರು.
ಅಷ್ಟೇ. ಅದಕ್ಕೆ ಮೂರು ವರ್ಷ.

ನನ್ನದು ದೋಣಿ.
ಹಳೆಯ ಫಾಂಟಲ್ಲಿ ಮಲಗಿರುವ ಮದುವೆ ಕಾರ್ಡು, ತಿಥಿ ಕಾರ್ಡು,
ಸಂಘದ ವಾರ್ಷಿಕ ವರದಿ,
ಹೊಸ ಕಂಪ್ಯೂಟರಲ್ಲಿ ತೆರೆದರೆ ಬರೀ ಹುಳಹುಪ್ಪಟೆ.
ಅವನ್ನು ಈಚೆ ದಡಕ್ಕೆ ದಾಟಿಸಬೇಕು.
ದಾಟುವಾಗ ಒಬ್ಬನದೇ ತಕರಾರು: ಅರ್ಕಾವತ್ತು.
ಬಾಯಲ್ಲಿ ಮೊದಲು ಬಂದು
ಹಾಳೆಯಲ್ಲಿ ಕೊನೆಗೆ ಕೂರುವ ಆಸಾಮಿ,
ಅದೂ ಒಂಬತ್ತರ ವೇಷ ಹಾಕಿಕೊಂಡು.
ಧರ್ಮ ಧಮರ್ ಆಗಿ, ಸೂರ್ಯ ಸೂಯರ್ ಆಗಿ,
ಸ್ವರ್ಗಸ್ಥರಾದ ಹಿರಿಯರು ಸ್ವಗರ್ಸ್ಥರಾಗಿ
ಒದ್ದೆ ಬಟ್ಟೆಯಲ್ಲಿ ದಡಕ್ಕಿಳಿಯುತ್ತಿದ್ದರು.

ಇಲ್ಲಿ ಹೊಗಳಿಕೆ ಕಡಿಮೆ.
ಚೆನ್ನಾಗಿದೆ ಅಂದರೆ ತೆರೆದೇ ನೋಡಿಲ್ಲ ಎಂದು ಅರ್ಥ.
ಇಲಿಯಾಸ್ ಕೇಳಿದ, “ಇಷ್ಟೊಂದು ಬಣ್ಣ ಯಾಕೆ ಗುರು,
ಗಣೇಶನ ಪೆಂಡಾಲಾ?”
ಮುನಿಕೃಷ್ಣ, “ದೋಷ ಹದಿಮೂರು ಅಂತ ಬಂತು.
ಮಿಕ್ಕ ಹನ್ನೆರಡು ಎಲ್ಲಿ?
ನಂಬರ್ ಬೇಡ, ಏನಾಯ್ತು ಅಂತ ಹೇಳಕ್ಕೆ ಹೇಳು ಅದಕ್ಕೆ.”
ಡೆಸ್ಮಂಡ್ ಅಂಕಲ್ ಮಾತೇ ಆಡದೆ
ತಮ್ಮ ಪಟ್ಟಿ ಎಳೆದು ನನ್ನ ಕಿಟಕಿಯ ಮೇಲಿಟ್ಟರು.
ಬಲದ ಅಂಚು ಎರಡು ಮಿಲಿಮೀಟರು ಕಡಿಮೆ.

ಪದ್ಮಲತಾ ಆ ವಾರ ತಡವಾಗಿ ಬಂದಳು.
ಮೇಯೋ ಹಾಲ್ ಕೋರ್ಟಿನ ಹತ್ತಿರ ಕ್ರಯಪತ್ರ ಟೈಪು ಮಾಡುವವಳು,
ನನ್ನ ದೋಣಿಗೆ ನಿಜವಾದ ಸರಕು ಹೇರಿದ ಮೊದಲ ಜೀವ.
“ಒಂದು ಸಣ್ಣ ವಿಷ್ಯ. ಉಳಿಸು, ಅಳಿಸು ಅಕ್ಕಪಕ್ಕ ಇದೆ.
ಸ್ವಲ್ಪ ದೂರ ಇಡಿ.”
ಅಂದವಳು ರದ್ದಿ ಕಟ್ಟಿನ ಮೇಲೆ ಕೂತು
ಮುನಿಕೃಷ್ಣನ ಹನಿಯ ಕಡೆ ತಿರುಗಿದಳು.

ಬೈಟು ಕಾಫಿ ಬಂದ ಮೇಲೆ,
ಇಲಿಯಾಸ್ ಕೆದಕಿ ಕೇಳಿದ್ದಕ್ಕೆ, ಗೊತ್ತಾಯಿತು.
ಹನ್ನೊಂದು ಪುಟ.
ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸಮೇತ.
ಗುರುವಾರ ರಾತ್ರಿ ಹತ್ತೂವರೆಯ ತನಕ ಮತ್ತೆ ಟೈಪು,
ಕೊನೆಯ ಬಸ್ಸು ತಪ್ಪಿ ಆಟೊದವನಿಗೆ ನೂರೆಂಬತ್ತು.

ಹದಿನೆಂಟು ವರ್ಷ ಕರಡು ತಿದ್ದಿದ ಕಣ್ಣು ನನ್ನದು.
ಆ ಎರಡು ಮಾತಿನ ನಡುವೆ ಇರುವುದು ಒಂದೇ ಸ್ವರ,
ಅದು ಬೀಳಲಿಲ್ಲ ಕಣ್ಣಿಗೆ.
ಗುಂಡಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು.
ಗೊತ್ತಿದ್ದವನು ಓದುವುದಿಲ್ಲ.

ಆ ರಾತ್ರಿ ಅಳಿಸುವನ್ನು ಎತ್ತಿ ಬೇರೆ ಮೂಲೆಗೆ ಹಾಕಿದೆ.
ಸಾಲದೆನಿಸಿ ಹೆಸರನ್ನೂ ಬದಲಿಸಿದೆ, ತೆಗೆದುಹಾಕು.
ಅದೂ ಸಾಲದೆ
ತೆಗೆದದ್ದನ್ನು ಒಂದು ವಾರ ಬಚ್ಚಿಡುವ ಡಬ್ಬಿ ಕಟ್ಟಿದೆ.
ಬಳಸುವವರಿಗೆ ಅದು ಕಾಣುವುದಿಲ್ಲ.
ಕೋಡಿನೊಳಗೆ ಅದರ ಹೆಸರು ಗುರುವಾರ.

ಮುಂದಿನ ಭಾನುವಾರ ಅವಳೇ ಮೊದಲು ಕೂತಳು.
ಧರ್ಮ ಸರಿಯಾಗಿ ದಾಟಿತು. ಸೂರ್ಯನೂ.
ಆಚೆ ರಸ್ತೆಯಲ್ಲಿ ಕರೆಂಟು ಹೋಗಿ
ಯುಪಿಎಸ್ಸು ಕುಂಯ್ಗುಡುತ್ತಿತ್ತು, ಬೇಗ ಬೇಗ.
“ಇದೊಂದು ನೋಡೋಣ” ಎಂದು
ಹಳೆಯ ಫಾಂಟಲ್ಲಿ ಆ ಆಸಾಮಿಯ ಹೆಸರನ್ನೇ ಒತ್ತಿದಳು.

ಅಕಾರ್ವತ್ತು,
ಎಂದಿತು ಪರದೆ.

ದೀರ್ಘ ಬಂದ ಕಡೆ ಎಡವುತ್ತದೆ.
ಅಂಕಲ್ಲಿಗೆ ನಕ್ಕು ನಕ್ಕು ಕೆಮ್ಮು ಬಂತು.
ನಾನು ರದ್ದಿ ಕಟ್ಟಿನಿಂದ ಒಂದು ಹಾಳೆ ಎಳೆದು
ಬರೆದುಕೊಂಡೆ, ಕೈಬರಹದಲ್ಲಿ,
ಅಲ್ಲಾದರೂ ಅದು ತನ್ನ ಜಾಗದಲ್ಲಿ ಕೂತಿತು.