ಪತ್ತು

ಅಪ್ಪ ನೇಕಾರರ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ.
ಡಿಪ್ಲೊಮಾ ಪರೀಕ್ಷೆಗೆ ಓದುವಾಗ
ಮಗ್ಗದ ಸದ್ದಿಗಿಂತ ಜೋರಾಗಿ ಬಾಯಿಪಾಠ ಮಾಡುತ್ತಿದ್ದ:
ರಾಚ್‌ಡೇಲ್, ರಾಚ್‌ಡೇಲ್, ಇಪ್ಪತ್ತೆಂಟು ಜನ, ಟೋಡ್ ಲೇನ್.
ಅದೊಂದು ಊರೆಂದು ನನಗೆ ಗೊತ್ತಿರಲಿಲ್ಲ.
ಮಂತ್ರವಿರಬೇಕು ಅಂದುಕೊಂಡಿದ್ದೆ.

ಈಗ ಅದೇ ಊರಲ್ಲಿ, ಡಿಸೆಂಬರಿನ ಒಂದು ಗುರುವಾರ,
ಲೈಬ್ರರಿಯ ಹಿಂದಿನ ಕೋಣೆಯಲ್ಲಿ
ಟೋಕನ್ ಹದಿನಾಲ್ಕು ಹಿಡಿದು ಕೂತಿದ್ದೇನೆ.
ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕಿನ ಹಾಳೆ,
ಮನೆ ಬಾಡಿಗೆಯ ಕರಾರು.
ಕಾರಿನ ಕ್ಲಚ್ ಹೋಗಿದೆ.
ಕಾರಿಲ್ಲದೆ ನನಗೆ ಕೆಲಸವಿಲ್ಲ:
ಬೆಳಗಿನ ಆರಕ್ಕೆ ಹೇವುಡ್‌ನಲ್ಲಿ ಒಬ್ಬ ಮುದುಕನಿಗೆ ಸ್ನಾನ,
ಏಳೂವರೆಗೆ ಮಿಲ್ನ್‌ರೋದಲ್ಲಿ ಒಬ್ಬಾಕೆಗೆ ಗುಳಿಗೆ, ಗಂಜಿ.

ನನ್ನ ಹೆಸರಿನ ಪಕ್ಕ ಒಂದು ಅಂಕಿ ಇದೆ.
ಮುನ್ನೂರ ಎಂಬತ್ತೆರಡು.
ಬಿಟ್ಟುಹೋದ ಗಂಡ ನನ್ನ ಹೆಸರಲ್ಲಿ ತೆಗೆದದ್ದು
ಎರಡು ಫೋನು, ಒಂದು ಸೋಫಾ.
ಸೋಫಾ ಅವನ ಜೊತೆಗೇ ಹೋಯಿತು,
ಕಂತು ಉಳಿಯಿತು.
ಬ್ಯಾಂಕಿನ ಹುಡುಗ ಪರದೆಯ ಮೇಲೆ ಅಂಕಿ ನೋಡಿದವನು
ಆಮೇಲೆ ನನ್ನ ಮುಖ ನೋಡಲಿಲ್ಲ.
ಮೊಬೈಲಿನೊಳಗೆ ಬೇರೆಯವರು ಕಾಯುತ್ತಿದ್ದರು:
ಐದೇ ನಿಮಿಷ, ನಾವು ಏನೂ ಕೇಳುವುದಿಲ್ಲ.
ಇಂದು ತಗೊಂಡ ನಾನೂರು, ಬೆಳೆದರೆ ಎಂಟುನೂರು.
ಏನೂ ಕೇಳದವರಿಗೆ ಹೆದರಬೇಕು ಅಂತ
ಗುಮಾಸ್ತನ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ರಾತ್ರಿ ಎರಡು ಗಂಟೆಗೆ
ಹೆಬ್ಬೆರಳು ಆ ಹಸಿರು ಗುಂಡಿಯ ಮೇಲೇ ಇತ್ತು.

ಡೋರೀನ್ ಕೇಳುತ್ತಾಳೆ. ಎಲ್ಲ ಕೇಳುತ್ತಾಳೆ.
ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು,
ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟವಳು.
ಗ್ಯಾಸಿಗೆಷ್ಟು, ಪೆಟ್ರೋಲಿಗೆಷ್ಟು,
ಇದೇನು ಪ್ರತಿ ಶನಿವಾರ ಮೂರು ಪೌಂಡು, ಲಾಟರಿಯೇ?
ಅಲ್ಲ, ಕರಿಬೇವು, ಹಸಿಮೆಣಸಿನಕಾಯಿ.
ಆರುನೂರು ಕೇಳಿದ್ದೆ.
ಕ್ಲಚ್ಚಿಗೆ ನಾನೂರು. ಉಳಿದ ಇನ್ನೂರು?
ತಂಗಿಯ ಮಗಳ ಮದುವೆ, ಆಹೇರಿ.
ಆಹೇರಿಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ
ಅದು ಸಣ್ಣದಾಗಿ ಹೋಯಿತು.
ಇನ್ನೂರರ ಮೇಲೆ ಗೆರೆ ಎಳೆದಳು.
"ನಾನೂರು ಕೊಡ್ತೇವೆ. ಅಷ್ಟನ್ನು ನೀನು ತೀರಿಸಬಲ್ಲೆ."

ಮುಖಕ್ಕೆ ರಕ್ತ ನುಗ್ಗಿತು.
ಆಗ ಕಂಡರು, ನಮ್ಮ ಕಟ್ಟೆಯ ಮುಂದೆ ನಿಂತು
ಅಪ್ಪನನ್ನು ಬೈದು ಹೋಗುತ್ತಿದ್ದವರು.
ಕತ್ತರಿ ಗುಮಾಸ್ತ ಅನ್ನುತ್ತಿದ್ದರು ಅವನಿಗೆ.
ಎರಡು ಸಾವಿರ ಕೇಳಿದರೆ ಹನ್ನೆರಡು ನೂರು ಬರೆಯುತ್ತಿದ್ದ,
ನೂಲಿಗೆಷ್ಟೋ ಅಷ್ಟು, ಬ್ಯಾಂಡ್ ಬಾಜಾಕ್ಕಿಲ್ಲ.
ಅವರ ಮಕ್ಕಳ ಜೊತೆ ಕುಂಟಾಬಿಲ್ಲೆ ಆಡಲು
ನನಗೆ ನಾಚಿಕೆ.
ಅಪ್ಪ ಒಳಗೆ ಬಂದು ಒಂದು ಮಾತೂ ಆಡದೆ
ಎರಡು ತಂಬಿಗೆ ನೀರು ಕುಡಿಯುತ್ತಿದ್ದ.

ವಾರಕ್ಕೆ ಹತ್ತು ಪೌಂಡು, ನಲವತ್ತೇಳು ವಾರ.
ತಿಂಗಳಿಗೆ ನೂರಕ್ಕೆ ಮೂರು, ಇಳಿಯುವ ಬಾಕಿಯ ಮೇಲೆ;
ಅದೂ ಅಗ್ಗವೇನಲ್ಲ, ಆದರೆ ಅದಕ್ಕೊಂದು ಕೊನೆಯಿದೆ.
ಲಕೋಟೆಯ ಬೆನ್ನಿಗೆ ನಾನೇ ಕೂಡಿಸಿ ನೋಡಿದೆ:
ಬಡ್ಡಿ ಎಪ್ಪತ್ತು ಚಿಲ್ಲರೆ.
ಜೊತೆಗೆ ವಾರಕ್ಕೆರಡು, ನನ್ನದೇ ಉಳಿತಾಯಕ್ಕೆ.
ನನ್ನ ಹೆಸರಲ್ಲಿ ಇನ್ನೊಬ್ಬರು ತೆರೆದ ಖಾತೆಗಳಲ್ಲಿ
ಇದೊಂದೇ ನನ್ನನ್ನು ಕೇಳಿ ತೆರೆದದ್ದು.

ಹಳೆಗನ್ನಡದಲ್ಲಿ ಪತ್ತು ಅಂದರೆ ಹತ್ತು, ಅಪ್ಪನೇ ಹೇಳಿದ್ದು.
ಅಂಟಿಕೊಳ್ಳುವುದು ಅಂತಲೂ ಅರ್ಥವಿದೆಯಂತೆ.
ಡೋರೀನ್ ನನ್ನ ಹೆಸರನ್ನು ಅಕ್ಷರ ಅಕ್ಷರ ಕೇಳಿ ಬರೆದಳು,
ನೀಲಗಂಗಾ, ಒಂದೂ ತಪ್ಪದೆ,
ನಾನು ಸಹಿ ಹಾಕಿದೆ.

ಬಸ್ ಸ್ಟಾಪಿನಿಂದ ತಂಗಿಗೆ ಫೋನು ಮಾಡಿದೆ.
ಆಹೇರಿ ಈ ಸಲ ಸಣ್ಣದು ಕಣೇ, ಅಂದೆ.
ಆ ಕಡೆ ಸದ್ದಿಲ್ಲ.
ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು.
ಅಂಥ ಚಳಿಯಲ್ಲೂ
ನನಗೆ ವಿಪರೀತ ನೀರಡಿಕೆ.