ಬುದ್ಧಿ: ನಾಲ್ಕು

ಅಕ್ಮಲನ ರೀಲಿಂಗ್ ಘಟಕದ ಮೇಲೆ ತಗಡಿನ ಕೋಣೆ,
ಗುರುವಾರ ರಾತ್ರಿ. ಕೆಳಗೆ ಬಾಯ್ಲರ್ ಆರುತ್ತಿದೆ.
ಶಿಡ್ಲಘಟ್ಟದ ಗಾಳಿಗೆಲ್ಲ ಹುಳು ಬೆಂದ ವಾಸನೆ,
ನಮ್ಮ ಮೂಗಿಗದು ಹತ್ತುವುದೇ ಇಲ್ಲ.

ಮೂರು ಮನೆಯ ಹಾವು-ಏಣಿ ಡಬ್ಬಿಯಿಂದ
ಒಂದೊಂದು ತಂದ ಮೂರು ದಾಳ:
ಒಂದು ಕೆಂಪು, ಒಂದು ಹಳದಿ,
ಒಂದರ ಮೂಲೆ ಯಾವುದೋ ಮಗು ಕಚ್ಚಿದ್ದು.

ಎಸೆದೆ. ಬಲ ಹನ್ನೊಂದು.
ಎಸೆದೆ. ಚುರುಕು ಎಂಟು.
ಬುದ್ಧಿಗೆ ಎಸೆದೆ: ಎರಡು, ಒಂದು,
ಕಚ್ಚಿದ್ದರಲ್ಲೂ ಒಂದು.

"ಇನ್ನೊಂದು ಸಲ ಹಾಕು," ಅಂದ ರೋಣಪ್ಪ,
"ಇದು ಜಿಲ್ಲಿ ಗೂಡು ಕಣೋ, ಎಳೆಯೇ ಬರಲ್ಲ."
ಆಟ ನಡೆಸುವ ತಹಸೀನ್ ಪೆನ್ನು ಕಚ್ಚಿಕೊಂಡೇ
ತಲೆ ಅಲ್ಲಾಡಿಸಿದಳು. ಬಿದ್ದ ಗರ ಬಿದ್ದದ್ದೇ.

ಮೊದಲ ವಾರ ಪೆದ್ದನನ್ನು ಚೆನ್ನಾಗಿಯೇ ಆಡಿದೆ:
ನಾಲಗೆ ಹೊರಳಿಸಿ, ಎಳೆಯುವ ಬಾಗಿಲನ್ನು ತಳ್ಳಿ,
ರಾಕ್ಷಸನಿಗೆ ರಾಜನೆಂದು ಕೈಮುಗಿದು.
ಟೀ ಮೂಗಿಗೇರುವಷ್ಟು ನಕ್ಕರು.
ತಹಸೀನ್ ಮಾತ್ರ ಕೊನೆಗೆ, ನಕ್ಷೆ ಮಡಚುತ್ತಾ:
"ಅವನಿಗೆ ಗೊತ್ತಾಗಲ್ಲ, ಸರಿ.
ಗೊತ್ತಾಗ್ತಿಲ್ಲ ಅಂತ ಅವನಿಗೆ ಅನ್ನಿಸೋದು ಯಾವಾಗ?"

ಮುಂದಿನ ವಾರ ಕೋಟೆಯ ಮೆಟ್ಟಿಲು.
ಮೂರನೆಯದು ಪೊಳ್ಳು. ಅವಳು ಬಣ್ಣಿಸಿದ್ದರಲ್ಲೇ ಹಿಡಿದೆ:
ಪಾಚಿ ಎರಡರ ಮೇಲಿದೆ, ಮೂರರ ಮೇಲಿಲ್ಲ.
ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ.
ಬಾಯಿ ಮುಚ್ಚಿಕೊಂಡು
ಅವನ ಕಾಲು ಎತ್ತಿ ಇಟ್ಟೆ.

ಬಿದ್ದ.
"ಹೆಸರೇನೋ ಇವನದ್ದು? ಕೂಗೋಕಾದರೂ ಬೇಕಲ್ಲ,"
ಹಗ್ಗ ಇಳಿಬಿಡುತ್ತ ಕೇಳಿದ ಅಕ್ಮಲ್.
"ಪಿಳ್ಳಣ್ಣ" ಅಂದೆ.
ಅಂದ ಮೇಲೆ ನನಗೇ ಕೇಳಿಸಿತು.

ಆಗ ನನಗೆ ಹದಿನಾಲ್ಕು. ಮಾವನ ಘಟಕದಲ್ಲಿ
ಶನಿವಾರದ ಬಟವಾಡೆ ಲೆಕ್ಕ ನನ್ನದು.
ಪಿಳ್ಳಣ್ಣ ಕುದಿನೀರಿಗೆ ಕೈಯಿಡುವವನು,
ಬೆರಳ ತುದಿ ಬೆಂದು ಬೆಂದು ಬಿಳಿ,
ಒಂದೊಂದು ಬೋಸಿಗೆ ಒಂದೊಂದು ಗಂಟು
ಮಣಿಕಟ್ಟಿನ ನೂಲಿಗೆ. ಅಂಕಿ ಬಾರದವನ ಅಂಕಿ.
ಗಂಟು ಮುಟ್ಟಿ ಮುಟ್ಟಿ ನಾನೇ ಎಣಿಸಿದೆ, ಜೋರಾಗಿ.
ಹದಿಮೂರಕ್ಕೆ ನಿಲ್ಲಿಸಿದೆ.
ನೂಲಿನ ತುದಿಯಲ್ಲಿ ಇನ್ನೆರಡು ಉಳಿದಿದ್ದವು.
ಅವನು ಅವನ್ನು ನೋಡಿದ, ನನ್ನ ಪುಸ್ತಕ ನೋಡಿದ.
"ಪುಸ್ತಕ ತಪ್ಪುತ್ತಾ ಸಾಮಿ," ಎಂದು
ತಾನೇ ಉಗುರು ಹಾಕಿ ಎರಡನ್ನೂ ಬಿಚ್ಚಿದ,
ಅವಸರವಿಲ್ಲದೆ, ಎಳೆ ಹರಿಯದ ಹಾಗೆ.

ಎರಡು ಬೋಸಿಯ ದುಡ್ಡಿಗೆ ಬಸ್ ಸ್ಟ್ಯಾಂಡಿನಲ್ಲಿ
ಆಲೂ ಬಜ್ಜಿ ತಿಂದೆ. ಉಪ್ಪು ಕಮ್ಮಿಯಿತ್ತು.
ಮುಂದಿನ ಶನಿವಾರವೂ ತಿಂದೆ.

ಈಗ ಗುಂಡಿಯ ಕತ್ತಲಲ್ಲಿ ಕೂತಿದ್ದಾನೆ,
ಕಾಲು ಉಳುಕಿದೆ, ಜೀವ ಮೂರು ಉಳಿದಿದೆ.
ಗೋಡೆಯಾಚೆ ಕಾವಲಿನವರು ಸಾಲಾಗಿ ಹಾದು ಹೋಗುತ್ತಿದ್ದಾರೆ,
ಸಂದಿನಲ್ಲಿ ಅವನೊಬ್ಬನಿಗೆ ಕಾಣುತ್ತದೆ.
"ಎಷ್ಟು ಜನ? ಎಷ್ಟು ಜನ ಹೇಳೋ,"
ಮೇಲಿನಿಂದ ಪಿಸುಗುಡುತ್ತಾರೆ ಇವರು.
ನಾನಂತೂ ಎಣಿಸಿ ಆಗಿದೆ.
ಅವನ ಬಾಯಲ್ಲಿ ಅಂಕಿ ಇಟ್ಟರೆ ಸುಳ್ಳು.
ಗೊತ್ತಿಲ್ಲ ಅಂದರೆ, ಅದೂ.

ಹಾಳೆ ಎಳೆದುಕೊಂಡೆ.
ಕತ್ತಿ, ರೊಟ್ಟಿ, ಚಕಮಕಿ ಕಲ್ಲಿನ ಕೆಳಗೆ
ಬರೆದೆ: ನೂಲು, ಒಂದು ಮೊಳ.
"ಅದೆಲ್ಲಿ ಬಂತು? ಅಂಗಡೀಲಿ ತಗೊಂಡೇ ಇಲ್ಲ!"
ರೋಣಪ್ಪ ರೇಗಿದ.
"ಮೊದಲಿಂದ ಇತ್ತು."
ತಹಸೀನ್ ನನ್ನ ಮುಖ ನೋಡಿದಳು, ಹಾಳೆ ನೋಡಿದಳು.
"ತೂಕ ಸೊನ್ನೆ," ಅಂದಳು. "ಇಟ್ಕೊ."

ಬಾಯ್ಲರ್ ಪೂರ್ತಿ ಆರಿತ್ತು.
ಮೇಲೆ ಮೂವರೂ ಕಾಯುತ್ತಿದ್ದರು,
ದಾಳ ನನ್ನ ಮುಂದೆ ತಣ್ಣಗಿತ್ತು.
ಅವನು ಇನ್ನೂ ಗಂಟು ಹಾಕುತ್ತಿದ್ದ.